ಬೊರೊವೊದಲ್ಲಿ ಮನೆ ಹಿಡಿಯುವ ಮುನ್ನ

ನಿಮ್ಮ ಪತ್ರ ತಲುಪಿತು. ಕ್ರೊಯೇಷಿಯಾದ ಪೂರ್ವ ಮೂಲೆಯ ವುಕೊವಾರ್‌ನಲ್ಲಿ ಕೆಲಸ ಸಿಕ್ಕಿದೆ, ಪಕ್ಕದ ಬೊರೊವೊ ಹಳ್ಳಿಯಲ್ಲಿ ಕಡಿಮೆ ಬಾಡಿಗೆಗೆ ಮನೆಯೂ ಸಿಕ್ಕಿದೆ. ಆದರೆ ಕೆಲಸದ ಜಾಗದಲ್ಲಿ ಯಾರೋ ‘ಅದು ಸರ್ಬರ ಪಕ್ಷದ ಊರು, ಅಲ್ಲಿಗೆ ಹೋಗಬೇಡಿ’ ಎಂದರಂತೆ. ಅದು ಯಾವ ಪಕ್ಷ, ನಮ್ಮಂಥ ಹೊರಗಿನವರಿಗೆ ಅದರಿಂದ ಏನಾದರೂ ತೊಂದರೆಯೇ ಎಂದು ಕೇಳಿದ್ದೀರಿ. ಮನೆ ಹಿಡಿಯಿರಿ, ಹೆದರಬೇಕಾದ್ದು ಏನೂ ಇಲ್ಲ. ಆದರೆ ಆ ಮಾತು ಎಲ್ಲಿಂದ ಹುಟ್ಟಿತು ಎಂಬುದನ್ನು ತಿಳಿಯದೆ ಆ ಊರಿನಲ್ಲಿ ಬದುಕುವುದು ಸರಿಯಲ್ಲ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಕ್ರೊಯೇಷಿಯಾ ಯುಗೊಸ್ಲಾವಿಯಾದಿಂದ ಬೇರೆಯಾಗಲು ಹೊರಟಾಗ ಇಲ್ಲಿನ ಅಲ್ಪಸಂಖ್ಯಾತ ಸರ್ಬರಲ್ಲಿ ಅನೇಕರು ಅದನ್ನು ಒಪ್ಪದೆ ಬಂಡೆದ್ದರು. 1991ರ ಮೇ 2ರಂದು ಅದೇ ಬೊರೊವೊದಲ್ಲಿ ಹನ್ನೆರಡು ಮಂದಿ ಕ್ರೊಯೇಷಿಯಾದ ಪೊಲೀಸರು ಕೊಲ್ಲಲ್ಪಟ್ಟರು. ಆ ವರ್ಷವೇ ಯುಗೊಸ್ಲಾವ್ ಸೇನೆ ಮತ್ತು ಸರ್ಬ್ ಪಡೆಗಳು ವುಕೊವಾರನ್ನು 87 ದಿನ ಮುತ್ತಿದವು. ನವೆಂಬರ್ 18ರಂದು ಪಟ್ಟಣ ಬಿತ್ತು. ಆಸ್ಪತ್ರೆಯಲ್ಲಿದ್ದ ಇನ್ನೂರಕ್ಕೂ ಹೆಚ್ಚು ಜನರನ್ನು ಪಕ್ಕದ ಒವ್ಚಾರಾ ಎಂಬ ಜಾಗಕ್ಕೆ ಒಯ್ದು ಕೊಂದರು. ನಿಮ್ಮ ಜೊತೆಗೆ ಕೆಲಸ ಮಾಡುವವರಲ್ಲಿ ತಂದೆಯನ್ನೋ ಅಣ್ಣನನ್ನೋ ಹಾಗೆ ಕಳೆದುಕೊಂಡವರು ಇರಬಹುದು. ಅವರ ಮಾತಿನಲ್ಲಿ ಕಹಿ ಇದ್ದರೆ ಅದು ಸುಮ್ಮನೆ ಬಂದದ್ದಲ್ಲ. ಇನ್ನೊಂದು ಕಡೆ, 1995ರ ಆಗಸ್ಟ್‌ನಲ್ಲಿ ಕ್ರೊಯೇಷಿಯಾದ ಸೇನೆ ಸರ್ಬ್ ಪಡೆಗಳ ವಶದಲ್ಲಿದ್ದ ಕ್ನಿನ್ ಪಟ್ಟಣದ ಸುತ್ತಲಿನ ಪ್ರದೇಶವನ್ನು ಮರಳಿ ಗೆದ್ದಾಗ ಎರಡು ಲಕ್ಷದಷ್ಟು ಸರ್ಬರು ಟ್ರ್ಯಾಕ್ಟರು, ಕಾರು ಹತ್ತಿ ಊರು ಬಿಟ್ಟರು. ಉಳಿದ ಮುದುಕರಲ್ಲಿ ಅನೇಕರನ್ನು ಮನೆಯಂಗಳದಲ್ಲೇ ಕೊಂದರು. ಈ ಎರಡು ನೋವುಗಳಲ್ಲಿ ಒಂದನ್ನಷ್ಟೇ ಕೇಳಿಸಿಕೊಂಡು ಅಭಿಪ್ರಾಯ ಕಟ್ಟಿಕೊಳ್ಳಬೇಡಿ.

ನೀವು ಹೋಗುವ ಪೂರ್ವ ಮೂಲೆಯಲ್ಲಿ ಮಾತ್ರ ಕೊನೆಯ ಯುದ್ಧ ನಡೆಯಲಿಲ್ಲ. 1995ರ ನವೆಂಬರ್‌ನಲ್ಲಿ ಸರ್ಕಾರಕ್ಕೂ ಅಲ್ಲಿನ ಸರ್ಬರಿಗೂ ನಡುವೆ ಎರ್ದುತ್ ಒಪ್ಪಂದವಾಯಿತು, ವಿಶ್ವಸಂಸ್ಥೆ ಎರಡು ವರ್ಷ ಆಡಳಿತ ನಡೆಸಿತು, 1998ರ ಜನವರಿಯಲ್ಲಿ ಆ ಭಾಗ ಶಾಂತವಾಗಿ ಕ್ರೊಯೇಷಿಯಾಕ್ಕೆ ಸೇರಿತು. ಆ ನಡುವಿನ ಕಾಲದಲ್ಲಿ, 1997ರಲ್ಲಿ, ‘ಸ್ವತಂತ್ರ ಪ್ರಜಾತಾಂತ್ರಿಕ ಸರ್ಬ್ ಪಕ್ಷ’ ಹುಟ್ಟಿತು. ಎಲ್ಲರೂ ಎಸ್‌ಡಿಎಸ್‌ಎಸ್ ಎನ್ನುತ್ತಾರೆ. ವೊಯಿಸ್ಲಾವ್ ಸ್ತಾನಿಮಿರೊವಿಚ್ ಅದರ ಮೊದಲ ಅಧ್ಯಕ್ಷರು. 2017ರಿಂದ ಭಾಷಾಶಾಸ್ತ್ರದ ಪ್ರಾಧ್ಯಾಪಕ ಮಿಲೊರಾದ್ ಪುಪೊವಾಟ್ಸ್ ಅಧ್ಯಕ್ಷರಾಗಿದ್ದಾರೆ. ದೇಶ ಒಡೆಯಲು ಹೊರಟವರ ಪಕ್ಷ ಎಂದು ಇದನ್ನು ಬಯ್ಯುವವರಿದ್ದಾರೆ. ನನಗೆ ಅದು ಘೋರ ಅನ್ಯಾಯವೆನಿಸುತ್ತದೆ. ಗಂಟು ಕಟ್ಟಿಕೊಂಡು ಗಡಿ ದಾಟಬಹುದಾಗಿದ್ದಾಗಲೂ ‘ಇಲ್ಲೇ ಇರುತ್ತೇವೆ, ಈ ದೇಶದ ಪ್ರಜೆಗಳಾಗಿಯೇ ಇರುತ್ತೇವೆ’ ಎಂದವರು ಕಟ್ಟಿದ ಪಕ್ಷ ಅದು.

ಸಾಬೊರ್ ಎಂದು ಕರೆಯುವ ಇಲ್ಲಿನ ಸಂಸತ್ತಿನಲ್ಲಿ 151 ಸ್ಥಾನಗಳು. ಅವುಗಳಲ್ಲಿ ಎಂಟು ಅಲ್ಪಸಂಖ್ಯಾತರಿಗೆ, ಆ ಎಂಟರಲ್ಲಿ ಮೂರು ಸರ್ಬರಿಗೆ ಮೀಸಲು. 2003ರಿಂದ ಆ ಮೂರನ್ನೂ ಎಸ್‌ಡಿಎಸ್‌ಎಸ್ ಗೆಲ್ಲುತ್ತಲೇ ಬಂದಿದೆ. ಮತದಾರ ಸರ್ಬನಾಗಿದ್ದರೆ ಅಲ್ಪಸಂಖ್ಯಾತರ ಪಟ್ಟಿಗಾದರೂ ಮತ ಹಾಕಬಹುದು, ಎಲ್ಲರ ಪಟ್ಟಿಗಾದರೂ ಹಾಕಬಹುದು, ಎರಡಕ್ಕೂ ಅಲ್ಲ. ಅನೇಕ ಸರ್ಬರು ಸಾಮಾನ್ಯ ಪಟ್ಟಿಯನ್ನೇ ಆರಿಸಿಕೊಳ್ಳುತ್ತಾರೆ. ಹಾಗಾಗಿ ಮೂರು ಸ್ಥಾನಗಳು ಸ್ವಲ್ಪವೇ ಮತಗಳಲ್ಲಿ ಬರುತ್ತವೆ, ಎದುರಾಳಿಗಳು ಅದನ್ನೇ ಎತ್ತಿ ಆಡುತ್ತಾರೆ. ಪಕ್ಷದವರು ತಮ್ಮವರಿಗೇ ಕೆಲಸ ಹಂಚುತ್ತಾರೆ ಎಂಬ ದೂರು ಸರ್ಬರ ನಡುವೆಯೇ ಇದೆ, ಅದನ್ನು ನಾನು ತಳ್ಳಿಹಾಕುವುದಿಲ್ಲ. ಸದಾ ಗೆಲ್ಲುವ ಪಕ್ಷ ಯಾವುದೇ ಆಗಲಿ, ಅದಕ್ಕೆ ಪ್ರಶ್ನೆ ಕೇಳುವವರು ಬೇಕು.

ಆದರೂ ಆ ಮೂವರ ತೂಕ ದೊಡ್ಡದು. 2020ರಲ್ಲಿ ಎಚ್‌ಡಿಝಡ್ ಎಂಬ ಕ್ರೊಯೇಟರ ದೊಡ್ಡ ಪಕ್ಷಕ್ಕೆ ಬಂದದ್ದು 66 ಸ್ಥಾನ, ಬೇಕಾಗಿದ್ದದ್ದು 76. ಅಲ್ಪಸಂಖ್ಯಾತ ಸದಸ್ಯರು ಸೇರಿಯೇ ಅದರ ನಾಯಕ, ಪ್ರಧಾನಿ ಪ್ಲೆಂಕೊವಿಚ್ ಅವರ ಸರ್ಕಾರ ನಿಂತಿತು, ಎಸ್‌ಡಿಎಸ್‌ಎಸ್‌ನ ಬೋರಿಸ್ ಮಿಲೊಶೆವಿಚ್ ಉಪಪ್ರಧಾನಿಯಾದರು. ಅವರ ಅಜ್ಜಿಯನ್ನು 1995ರಲ್ಲಿ, ಕ್ನಿನ್ ಸುತ್ತಲಿನ ಪ್ರದೇಶವನ್ನು ಗೆದ್ದ ಆ ಕಾರ್ಯಾಚರಣೆಯ ನಂತರ, ಗುಂಡಿಕ್ಕಿ ಕೊಂದಿದ್ದರು. ಅದೇ ಮನುಷ್ಯ 2020ರ ಆಗಸ್ಟ್ 5ರಂದು ಕ್ನಿನ್‌ಗೆ ಹೋಗಿ, ಆ ಗೆಲುವಿನ ಇಪ್ಪತ್ತೈದನೆಯ ವರ್ಷದ ಸಮಾರಂಭದಲ್ಲಿ ನಿಂತರು. ಆ ತಿಂಗಳಲ್ಲೇ ಯೋಧರ ಖಾತೆಯ ಸಚಿವರು ಗ್ರುಬೊರಿ ಹಳ್ಳಿಗೆ ಬಂದರು, ಸೆಪ್ಟೆಂಬರ್‌ನಲ್ಲಿ ಪ್ರಧಾನಿಯೇ ವರಿವೊದೆ ಹಳ್ಳಿಗೆ ಬಂದರು. ಎರಡೂ ಕಡೆ 1995ರಲ್ಲಿ ವೃದ್ಧ ಸರ್ಬರನ್ನು ಕೊಂದಿದ್ದರು. ಇಲ್ಲಿ ಇಷ್ಟು ವರ್ಷ ಕಳೆದ ನನಗೆ ರಾಜಕಾರಣಿಗಳ ಮೇಲೆ ಗೌರವ ಮೂಡಿದ ದಿನಗಳು ಅವು. ಅಜ್ಜಿಯನ್ನು ಕಳೆದುಕೊಂಡವನು ಮೊದಲು ಹೆಜ್ಜೆ ಇಟ್ಟ ಎಂಬುದನ್ನು ನಾನು ಮರೆಯಲಾರೆ.

2024ರ ಏಪ್ರಿಲ್ ಚುನಾವಣೆಯ ನಂತರ ಆ ಬಾಗಿಲು ಮುಚ್ಚಿತು. ಎಚ್‌ಡಿಝಡ್ 61ಕ್ಕೆ ಇಳಿಯಿತು, ಬಲಪಂಥದ ‘ಡೊಮೊವಿನ್ಸ್ಕಿ ಪೊಕ್ರೆತ್’ ಪಕ್ಷ 14 ಸ್ಥಾನಗಳೊಂದಿಗೆ ಬಂದು ‘ಎಸ್‌ಡಿಎಸ್‌ಎಸ್ ಇರುವ ಸರ್ಕಾರದಲ್ಲಿ ನಾವಿರುವುದಿಲ್ಲ’ ಎಂದಿತು. ಸರ್ಬರ ಪಕ್ಷ ಹೊರಗುಳಿಯಿತು. ವಲಸೆ ಬರುವವರ ಬಗ್ಗೆಯೂ ಕಠಿಣವಾಗಿ ಮಾತನಾಡುವುದು ಅದೇ ಬಲಪಂಥ. ಆದ್ದರಿಂದ ಸರ್ಬರ ಪಕ್ಷದ ಕಥೆಗೂ ನಮಗೂ ಸಂಬಂಧವಿಲ್ಲ ಎಂದುಕೊಳ್ಳಬೇಡಿ. ನೂರಾರು ವರ್ಷಗಳಿಂದ ಇಲ್ಲೇ ಹುಟ್ಟಿ ಬೆಳೆದವರನ್ನು ಹೊರಗಿಡಬಹುದಾದರೆ, ನಿನ್ನೆ ಮೊನ್ನೆ ಬಂದ ನಮಗೆ ಏನು ಆಧಾರ?

ಫಲಕಗಳ ಜಗಳದ ಬಗ್ಗೆಯೂ ಕೇಳಿದ್ದೀರಿ. 2002ರ ಕಾನೂನಿನ ಪ್ರಕಾರ ಒಂದು ಊರಿನಲ್ಲಿ ಅಲ್ಪಸಂಖ್ಯಾತರು ಕನಿಷ್ಠ ಮೂರನೆಯ ಒಂದು ಭಾಗದಷ್ಟಿದ್ದರೆ ಅವರ ಭಾಷೆಗೆ, ಲಿಪಿಗೆ ಅಧಿಕೃತ ಸ್ಥಾನ ಸಿಗುತ್ತದೆ. 2011ರ ಗಣತಿಯಲ್ಲಿ ವುಕೊವಾರ್‌ನ ಸರ್ಬರು ಶೇಕಡಾ 34.87 ಇದ್ದರು. 2013ರಲ್ಲಿ ಕಚೇರಿಗಳಿಗೆ ಸರ್ಬರ ಸಿರಿಲಿಕ್ ಲಿಪಿಯ ಫಲಕ ಹಾಕಿದಾಗ ಮಾಜಿ ಯೋಧರು ಸುತ್ತಿಗೆಯಿಂದ ಒಡೆದರು. 2021ರ ಗಣತಿಯಲ್ಲಿ ಆ ಪ್ರಮಾಣ ಶೇಕಡಾ 30ಕ್ಕೂ ಕೆಳಗಿಳಿಯಿತು. ನಾನು ಕಾಸರಗೋಡಿನವನು. ನಮ್ಮ ಊರಿನ ಕಚೇರಿಯಲ್ಲಿ ಕನ್ನಡದ ಅರ್ಜಿ, ಕನ್ನಡದ ಫಲಕ ಇರಲಿ ಎಂದು ನನ್ನ ಹಿರಿಯರು ಎಷ್ಟು ಅಲೆದಿದ್ದಾರೆಂದು ಬಲ್ಲೆ. ಅಲ್ಲಿ ರಕ್ತ ಹರಿದಿರಲಿಲ್ಲ, ಇಲ್ಲಿ ಹರಿದಿದೆ, ಆ ವ್ಯತ್ಯಾಸ ದೊಡ್ಡದು. ಆದರೂ ಒಡೆದ ಫಲಕವನ್ನು ಟಿವಿಯಲ್ಲಿ ಕಂಡಾಗ ಹೊಟ್ಟೆ ತೊಳಸಿತು. ಇಡೀ ದೇಶದಲ್ಲಿ 1991ರಲ್ಲಿ 5,81,663 ಸರ್ಬರಿದ್ದರು, 2021ರಲ್ಲಿ 1,23,892. ಲಿಪಿ ಉಳಿಯಲಿ ಎನ್ನುವವರ ಹಟ ಈ ಅಂಕಿಗಳನ್ನು ನೋಡಿದರೆ ಅರ್ಥವಾಗುತ್ತದೆ.

ಇನ್ನು ದಿನನಿತ್ಯದ ವಿಷಯ. ಯಾರನ್ನೂ ‘ನೀವು ಸರ್ಬರೋ ಕ್ರೊಯೇಟರೋ’ ಎಂದು ಕೇಳಬೇಡಿ. ಎರಡೂ ಭಾಷೆ ಒಂದೇ ಅಲ್ಲವೇ ಎಂದು ಊಟದ ಮೇಜಿನಲ್ಲಿ ವಾದಕ್ಕಿಳಿಯಬೇಡಿ. ನವೆಂಬರ್ 18ರಂದು ವುಕೊವಾರ್‌ನಲ್ಲಿ ದೊಡ್ಡ ಮೆರವಣಿಗೆ ಇರುತ್ತದೆ, ಆ ದಿನ ಗೌರವದಿಂದ ಸುಮ್ಮನಿರಿ. ಸರ್ಬರು ಕ್ರಿಸ್‌ಮಸ್ ಆಚರಿಸುವ ಜನವರಿ 7ರಂದು ಬೊರೊವೊದ ಮನೆಯವರು ಹಬ್ಬದ ಊಟಕ್ಕೆ ಕರೆದರೆ ಖಂಡಿತ ಹೋಗಿ. ಮಕ್ಕಳನ್ನು ಕರೆತರುವ ಯೋಚನೆ ಇದ್ದರೆ ಶಾಲೆಯ ವಿಷಯ ಮೊದಲೇ ವಿಚಾರಿಸಿ, ಏಕೆಂದರೆ ಆ ಭಾಗದಲ್ಲಿ ಸರ್ಬ್ ಮಕ್ಕಳಿಗೆ ಅವರದೇ ಭಾಷೆ, ಲಿಪಿಯಲ್ಲಿ ಬೇರೆ ತರಗತಿಗಳಿವೆ.

ಭಾರತೀಯರಿಗೂ ಮುಂದೆ ಇಂಥ ಸ್ಥಾನ ಸಿಗಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಸದ್ಯಕ್ಕೆ ಇಲ್ಲ. ಸಂವಿಧಾನ ಹೆಸರಿಸುವ 22 ಅಲ್ಪಸಂಖ್ಯಾತರಲ್ಲಿ ನಾವಿಲ್ಲ, ಅವರಲ್ಲೇ ಹನ್ನೆರಡು ಸಮುದಾಯಗಳು ಸೇರಿ ಒಂದೇ ಸ್ಥಾನ ಹಂಚಿಕೊಂಡಿವೆ. ಐದು ವರ್ಷಕ್ಕೆ ಕಾಯಂ ವಾಸದ ಪರವಾನಗಿ, ಎಂಟು ವರ್ಷದ ಮೇಲೆ ಪೌರತ್ವದ ಅರ್ಜಿ, ಅದಕ್ಕೆ ಭಾಷೆಯ ಪರೀಕ್ಷೆ. ಅಲ್ಲಿಯವರೆಗೆ ಮತವಿಲ್ಲ. ಆದ್ದರಿಂದ ಕೆಲಸದ ಕರಾರಿನ ಒಂದು ಪ್ರತಿ ನಿಮ್ಮ ಕೈಯಲ್ಲೇ ಇರಲಿ, ಪಾಸ್‌ಪೋರ್ಟನ್ನು ಯಾರಿಗೂ ಒಪ್ಪಿಸಬೇಡಿ, ಬಾಡಿಗೆ ಕರಾರನ್ನು ಬರಹದಲ್ಲೇ ಮಾಡಿಕೊಳ್ಳಿ. ಬಂದ ವಾರದಲ್ಲೇ ಭಾಷೆಯ ತರಗತಿಗೆ ಹೆಸರು ಕೊಡಿ.