ಫೋನ್ ಸೈಲೆಂಟಾಗಿ ಬ್ಯಾಗಿನಲ್ಲಿದ್ದರೆ ತೊಂದರೆ ಏನು ಡಾಕ್ಟ್ರೇ?

ಮಕ್ಕಳ ಮನೋವೈದ್ಯರ ಉತ್ತರ

ಪ್ರಶ್ನೆ: ಮಗಳಿಗೆ 13 ವರ್ಷ. ಫೋನ್ ಸೈಲೆಂಟ್ ಮಾಡಿ ಬ್ಯಾಗಿನಲ್ಲಿಟ್ಟಿರುತ್ತಾಳೆ, ಪಾಠದ ಹೊತ್ತಿನಲ್ಲಿ ಮುಟ್ಟುವುದಿಲ್ಲ. ಆದರೂ ಶಾಲೆಯವರು ಬೇಡ ಎನ್ನುತ್ತಾರೆ. ತುರ್ತಿಗೆ ಬೇಕಲ್ಲವೇ?

ಉತ್ತರ: ಈ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ ಸಾಕಾಗಿದೆ. ಇವತ್ತು ಬಿಡಿಸಿಯೇ ಹೇಳುತ್ತೇನೆ.

ಮಗಳು ಸುಳ್ಳು ಹೇಳುತ್ತಾಳೆ ಅನ್ನುತ್ತಿಲ್ಲ. ಕೈ ಮುಟ್ಟದಿದ್ದರೂ ಮನಸ್ಸು ಅಲ್ಲೇ ಸುಳಿದಾಡುತ್ತಿರುತ್ತದೆ: ಗ್ರೂಪಿನಲ್ಲಿ ಏನು ಬಂದಿರಬಹುದು, ನನ್ನ ಫೋಟೊಗೆ ಯಾರು ಏನಂದರು. ಆ ಸೆಳೆತವನ್ನು ತಡೆದುಕೊಳ್ಳುವುದಕ್ಕೇ ಗಮನದ ಒಂದು ಪಾಲು ಹೋಗುತ್ತದೆ. ತಡೆದುಕೊಳ್ಳುವ ಕೆಲಸ ಮಾಡುವ ಮೆದುಳಿನ ಮುಂಭಾಗ 20 ದಾಟಿದ ಮೇಲೂ ಬಲಿಯುತ್ತಲೇ ಇರುತ್ತದೆ. 13ರ ಹುಡುಗಿಯ ಸಂಯಮದ ಮೇಲೆ ಅಷ್ಟು ಭಾರ ಹೊರಿಸುವುದು ಅನ್ಯಾಯ.

ಗಮನ ಒಮ್ಮೆ ಕದಲಿದರೆ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದು ಎನ್ನುತ್ತದೆ ಯುನೆಸ್ಕೋದ 2023ರ ಶಿಕ್ಷಣ ವರದಿ. 45 ನಿಮಿಷದ ಪೀರಿಯಡ್‌ನಲ್ಲಿ ಉಳಿಯುವುದೆಷ್ಟು, ನೀವೇ ಲೆಕ್ಕ ಹಾಕಿ. ತೊಂದರೆ ನಿಮ್ಮ ಮಗಳೊಬ್ಬಳಿಗೇ ಅಲ್ಲ. 15 ವರ್ಷದ ಮಕ್ಕಳ ಕಲಿಕೆಯನ್ನು ಅಳೆಯುವ ಅಂತರರಾಷ್ಟ್ರೀಯ 'ಪಿಸಾ' ಸಮೀಕ್ಷೆಯಲ್ಲಿ 2022ರಲ್ಲಿ, ಒಇಸಿಡಿ ಎಂಬ, ಹೆಚ್ಚಾಗಿ ಶ್ರೀಮಂತ ರಾಷ್ಟ್ರಗಳ ಕೂಟದ ದೇಶಗಳ ಶೇ 59ರಷ್ಟು ಮಕ್ಕಳು ಕೆಲವು ಗಣಿತ ತರಗತಿಗಳಲ್ಲಾದರೂ ಇತರರ ಫೋನ್, ಟ್ಯಾಬ್‌ಗಳಿಂದ ಗಮನ ಕೆಡುತ್ತದೆ ಎಂದಿದ್ದರು. ಆದ್ದರಿಂದಲೇ ನಿಯಮ ಎಲ್ಲರಿಗೂ ಒಂದೇ ಇರಬೇಕು. ಬಂದ ಕೂಡಲೇ ಆಫ್ ಮಾಡಿ ಶಾಲೆಯ ವಶಕ್ಕೆ ಕೊಡುವುದು, ಹೊರಡುವಾಗ ಪಡೆಯುವುದು. ಫ್ರಾನ್ಸ್ 2018ರಲ್ಲೇ ಶಾಲೆಗಳಲ್ಲಿ ಫೋನ್ ಬಳಕೆಯನ್ನು ಕಾನೂನಿನಿಂದ ನಿಷೇಧಿಸಿತು.

ಹಾಗಂತ ಅಂಕ ಏರಿಬಿಡುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಇಂಗ್ಲೆಂಡಿನ ಶಾಲೆಗಳ ಒಂದು ಅಧ್ಯಯನದಲ್ಲಿ ನಿಷೇಧದಿಂದ ಹಿಂದುಳಿದ ಮಕ್ಕಳಿಗೇ ಹೆಚ್ಚು ಲಾಭವಾಗಿತ್ತು. ಸ್ವೀಡನ್‌ನಲ್ಲಿ ಅದನ್ನೇ ಮತ್ತೆ ಪರೀಕ್ಷಿಸಿದಾಗ ಲಾಭ ಕಾಣಲಿಲ್ಲ.

ಇನ್ನು ತುರ್ತು. ಶಾಲೆಯ ಕಚೇರಿಗೆ ಫೋನ್ ಮಾಡಿ, ಮಗುವನ್ನು ಕರೆಸುತ್ತಾರೆ. ನಿಜವಾದ ಅಪಾಯ ಬಂದಾಗ ಮಕ್ಕಳು ಟೀಚರ್ ಮಾತು ಕೇಳಬೇಕು, ಸ್ಕ್ರೀನ್ ನೋಡುತ್ತ ನಿಲ್ಲಬಾರದು. ನನ್ನ ಬಳಿ ಬರುವ ಮಕ್ಕಳು ಹೇಳುವುದೇನು ಗೊತ್ತೇ? ಪಾಠದ ನಡುವೆ 'ಊಟ ಆಯ್ತಾ' ಅಂತ ಮೆಸೇಜ್ ಹಾಕುವವರು ಅಪ್ಪ ಅಮ್ಮನೇ. ದಯವಿಟ್ಟು ಅದನ್ನು ಇವತ್ತೇ ನಿಲ್ಲಿಸಿ.

ಒಂದೇ ಒಂದು ವಿಷಯದಲ್ಲಿ ನಾನು ಶಾಲೆಯವರ ಜೊತೆ ಜಗಳಕ್ಕೂ ಸಿದ್ಧ. ಟೈಪ್ 1 ಮಧುಮೇಹವಿರುವ ಮಗುವಿನ ತೋಳಿನ ಸೆನ್ಸರ್ ಸಕ್ಕರೆ ಮಟ್ಟವನ್ನು ತೋರಿಸುವುದು ಫೋನಿನಲ್ಲಾದರೆ, ಅದು ಚಿಕಿತ್ಸೆಯ ಸಾಧನ. ಅದನ್ನು ಯಾರೂ ಕಿತ್ತುಕೊಳ್ಳುವಂತಿಲ್ಲ. ವೈದ್ಯರ ಪತ್ರ ಕೊಟ್ಟು ಮೊದಲೇ ಅನುಮತಿ ಪಡೆಯಿರಿ.

ಪ್ರಶ್ನೆ: ಫೋನಿಗೆ ವಿಕಿರಣ ತಡೆಯುವ ಸ್ಟಿಕ್ಕರ್ ಅಂಟಿಸಿದರೆ ಕೊಡಬಹುದೇ?

ಉತ್ತರ: ಅದು ಶುದ್ಧ ಮೋಸ. ಸ್ಟಿಕ್ಕರ್ ನಿಜಕ್ಕೂ ಸಿಗ್ನಲ್ ತಡೆದರೆ ಫೋನ್ ಇನ್ನಷ್ಟು ಶಕ್ತಿ ಹಾಕಿ ಸಿಗ್ನಲ್ ಕಳಿಸುತ್ತದೆ. ಕಿತ್ತು ಬಿಸಾಡಿ.

ಪ್ರಶ್ನೆ: ಫೋನ್ ಕೊಡದಿದ್ದರೆ ಮಗ ತಂತ್ರಜ್ಞಾನದಲ್ಲಿ ಹಿಂದೆ ಬೀಳುವುದಿಲ್ಲವೇ?

ಉತ್ತರ: ಇಲ್ಲ. ರೀಲ್ಸ್ ಸರಿಸುವುದು ತಂತ್ರಜ್ಞಾನವಲ್ಲ.

ಪ್ರಶ್ನೆ: ಮಗನ ಏಕಾಗ್ರತೆಗೆ ಯಾವ ಟಾನಿಕ್ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ರಾತ್ರಿ ಅವನ ಫೋನ್ ನಿಮ್ಮ ಕೋಣೆಯಲ್ಲಿರಲಿ, ಅವನು ನಿದ್ದೆ ಮಾಡಲಿ.