ಸಹಿ ಆಮೇಲೆ, ಮೊದಲು ಮಾತು

ನನ್ನ ಹತ್ತಿರ ಸಲಹೆ ಕೇಳಲು ಬಂದವರು ಶಿರಸಿ ಹತ್ತಿರದ ಹಳ್ಳಿಯವರು, ಐವತ್ತೈದರ ಆಸುಪಾಸು. ಹೆಸರು ಬೇಡ, ಅಕ್ಕ ಎನ್ನೋಣ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಒಬ್ಬನೇ ತಮ್ಮ. ಕೆಲಸಕ್ಕೆಂದು ಪುಣೆಗೆ ಹೋದವನು ಅಲ್ಲೇ ಮನೆ ಮಾಡಿದ. ತವರಿನ ಅಡಿಕೆ ತೋಟ ಸಿದ್ದಾಪುರದ ಕಡೆ.

ಅಪ್ಪನ ಹದಿಮೂರನೇ ದಿನದ ಊಟ ಮುಗಿದ ಮೇಲೆ ಜಗಲಿಯಲ್ಲಿ ತೋಟದ ಮಾತು ಬಂತು. ಫಸಲು ಗುತ್ತಿಗೆಗೆ ಕೊಡ್ತೇನೆ ಎಂದ ತಮ್ಮ. ತೋಟ ಹಾಳಾಗ್ತದೆ, ನಾವೇ ನೋಡ್ಕೊಳ್ತೇವೆ ಎಂದರು ಅಕ್ಕ. "ಕೊಟ್ಟ ಹೆಣ್ಣಿಗೆ ತೋಟದ ಉಸಾಬರಿ ಯಾಕೆ?" ಅಂದುಬಿಟ್ಟ. ಅಲ್ಲಿಂದ ಎಂಟು ವರ್ಷ ಮಾತಿಲ್ಲ. ನೆಂಟರ ಮದುವೆಯಲ್ಲಿ ಒಬ್ಬರು ಮೊದಲ ಪಂಕ್ತಿಗೆ ಕೂತರೆ ಇನ್ನೊಬ್ಬರು ಎರಡನೇ ಪಂಕ್ತಿಗೆ.

ಅವರ ಫೋನಿನಲ್ಲಿ ಒಂದು ವಾಟ್ಸಾಪ್ ಮೆಸೇಜು ಕಳಿಸದೇ ಉಳಿದಿತ್ತು. ಬೆರಳಿನಿಂದ ಮೂರು ಸಲ ಸರಿಸಿದರೂ ಮುಗಿಯದಷ್ಟು ಉದ್ದ. ಶುರು: "ನೀನು ಮರೆತಿರಬಹುದು, ನಾನು ಮರೆತಿಲ್ಲ." ನಡುವೆ ಅಪ್ಪನ ಆಸ್ಪತ್ರೆ ಖರ್ಚು, ಯಾರು ರಾತ್ರಿ ಕೂತರು, ಯಾರು ಬರಲಿಲ್ಲ. ಕೊನೆಗೆ: "ನನ್ನ ಹಕ್ಕು ಬಿಟ್ಟುಕೊಡುತ್ತೇನೆ, ಮನೆಗೆ ಬಾ."

ನನಗೆ ಜಾಸ್ತಿ ಚಿಂತೆಯಾದದ್ದು ಆ ಕೊನೆಯ ಸಾಲು. ನಮ್ಮ ಕಡೆ ಎಷ್ಟೋ ಹೆಂಗಸರು ತವರು ತಪ್ಪಿಹೋದೀತು ಎಂಬ ಹೆದರಿಕೆಗೇ ಸಹಿ ಹಾಕುತ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ತಿದ್ದುಪಡಿ ಜಾರಿಗೆ ಬಂದ ದಿನ ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ. ಬೇಡವೆಂದರೆ ಬಿಡಲಿ, ಅದು ಅವರ ಇಷ್ಟ. ಆದರೆ ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆದಮೇಲೆ ಮನಸ್ಸು ಬದಲಾಯ್ತು ಅಂದರೆ ನಡೆಯುವುದಿಲ್ಲ. ಸಹಿ ಹಾಕಿದ ಮೇಲೂ ತಮ್ಮ ಮಾತಾಡದಿದ್ದರೆ? ಕೇಳಿದೆ. ಅಕ್ಕ ಸುಮ್ಮನಾದರು.

ಹೇಳಿದ್ದು ಇಷ್ಟು. ಆ ಮೆಸೇಜು ಅಳಿಸಿ. ತೋಟದ ವಿಷಯ ವಕೀಲರ ಹತ್ತಿರ ಬೇರೆಯಾಗಿ ಕೇಳಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೆ ನೆರವು ಉಚಿತ, ಆದಾಯದ ಮಿತಿಯೂ ಇಲ್ಲ. ತಮ್ಮನಿಗೆ ಕಳಿಸುವುದು ಎರಡೇ ಸಾಲು ಇರಲಿ, ಉತ್ತರಿಸಲು ಸುಲಭ ಇರಲಿ. ಮಾವನನ್ನೋ ಭಾವನನ್ನೋ ಮಧ್ಯಸ್ಥಿಕೆಗೆ ಕಳಿಸಬೇಡಿ. ಅವರು ಮಾತಿಗೆ ಒಗ್ಗರಣೆ ಹಾಕದೆ ಬಿಡುವುದಿಲ್ಲ! ಕ್ಷಮೆ, ಲೆಕ್ಕ, ಯಾವುದೂ ಈಗ ಬೇಡ.

ಏನು ಬರೆಯಲಿ ಎಂದರು. ಈಗ ಮನೆಯಲ್ಲಿ ಏನು ನಡೀತಿದೆ ಎಂದು ಕೇಳಿದೆ. ಅಪ್ಪೆಮಿಡಿಯ ಕಾಲ, ಉಪ್ಪಿನಕಾಯಿ ಹಾಕುತ್ತಿದ್ದರು. ಅಲ್ಲೇ ಕೂತು ತಮ್ಮದೇ ಮಾತಿನಲ್ಲಿ ಬರೆದರು: "ತಮಾ, ಈ ಸಲ ಮಿಡಿ ಚೊಲೋ ಬಂಜು. ಒಂದು ಡಬ್ಬಿ ಕಳಸ್ಲಾ?"

ನಾಲ್ಕು ದಿನ ಬಿಟ್ಟು ಉತ್ತರ ಬಂತು. ಬರೀ ವಿಳಾಸ, ಪಿನ್‌ಕೋಡ್ ಸಮೇತ. "ಆರಾಮಿದ್ಯಾ ಅಂತಲೂ ಕೇಳಲಿಲ್ಲ" ಎಂದು ಅಕ್ಕ ಬೇಜಾರು ಮಾಡಿಕೊಂಡರು. ಎಂಟು ವರ್ಷ ಮಾತು ಬಿಟ್ಟವನು ವಿಳಾಸ ಕೊಟ್ಟನಲ್ಲ, ಡಬ್ಬಿ ಕಳಿಸಿ ಎಂದೆ. ಡಬ್ಬಿಯ ಜೊತೆ ಚೀಟಿ ಇಡಬೇಡಿ ಎಂದೂ ಹೇಳಿದೆ. ಇಟ್ಟರೆ ಹಳೇ ಮೆಸೇಜೇ ಇನ್ನೊಂದು ರೂಪದಲ್ಲಿ ಹೋಗುತ್ತಿತ್ತು ಅಲ್ವಾ?

ಡಬ್ಬಿ ತಲುಪಿದ ಮೇಲೆ ತಮ್ಮನೇ ಫೋನ್ ಮಾಡಿದ. ಎರಡನೇ ಫೋನಿನಲ್ಲಿ ತೋಟದ ಮಾತೆತ್ತಿದ. "ಅದನ್ನ ಇಬ್ರೂ ಕೂತು ವಕೀಲರ ಎದುರು ಮಾತಾಡುವ" ಎಂದರಂತೆ ಅಕ್ಕ, ನಾವು ಮೊದಲೇ ಅಭ್ಯಾಸ ಮಾಡಿದ್ದ ಹಾಗೆ. ಪಹಣಿ ಇನ್ನೂ ಅಪ್ಪನ ಹೆಸರಿನಲ್ಲೇ ಇದೆ. ದೀಪಾವಳಿಗೆ ತಮ್ಮ ಊರಿಗೆ ಬರುತ್ತಾನೆ, ವಕೀಲರ ಭೇಟಿ ಹಬ್ಬ ಕಳೆದ ಮೇಲೆ.