ಟ್ಯೂಬ್ ಬರ್ಲಿ ಅಂತ ಕಾಯ್ತಿದ್ದ ಹುಡುಗ

ನಾನು ಕೌನ್ಸೆಲರ್, ಇಂಥ ಕೇಸ್ ನಂಗೆ ಇದು ಮೂರನೇದು, ಅದಕ್ಕೇ ಬರೀತಿದೀನಿ. ಗುರುತು ಸಿಗೋಂಥದ್ದೆಲ್ಲ ಬದಲಾಯಿಸಿದೀನಿ.

ಇಪ್ಪತ್ತನಾಲ್ಕರ ಹುಡುಗ, ಬೈಕಿಂದ ಬಿದ್ದು ಕುತ್ತಿಗೆ ಹತ್ರ ಬಲಗೈ ನರ ಹೋಗಿದೆ, ಬೆರಳು ಆಡುತ್ತೆ ಆದ್ರೆ ಮೊಣಕೈ ಮಡಚಕ್ಕಾಗಲ್ಲ, ತೋಳು ಎತ್ತಕ್ಕಾಗಲ್ಲ. ಕಾಲಿನ ನರ ತೆಗೆದು ಕಸಿ ಮಾಡ್ಬೇಕಾಗ್ಬಹುದು ಅಂತ ಡಾಕ್ಟ್ರು ಹೇಳಿದ್ದೇ ತಡ, "ಕೈ ಹೋಯ್ತು, ಇನ್ನು ಕಾಲೂ ಕೊಡ್ಬೇಕಾ?" ಅಂತ ಅಪ್ಪ ರೇಗಿದ್ರು. ಹುಡುಗ ಯೂಟ್ಯೂಬ್ ನೋಡಿ, ತುಂಡಾದ ನರದ ಎರಡು ತುದಿ ನಡುವೆ ಟ್ಯೂಬ್ ಹಾಕ್ತಾರಂತೆ, ಅದು ಇಲ್ಲಿಗೂ ಬರ್ಲಿ ಅಂತ ಕೂತ. ಹಂಗೇ ನಾಲ್ಕು ತಿಂಗಳು.

ಟ್ಯೂಬ್ ಸುಳ್ಳಲ್ಲ. ಆದ್ರೆ ಅದು ಚೆನ್ನಾಗಿ ನಡೆಯೋದು ಬೆರಳಿನಂಥ ಸಣ್ಣ ನರಕ್ಕೆ, ತುದಿಗಳ ನಡುವಿನ ಗ್ಯಾಪ್ 3 ಸೆಂ.ಮೀ. ಒಳಗಿದ್ರೆ. ಕಾಲಿಂದ ತೆಗೆಯೋದೂ ಬರೀ ಸ್ಪರ್ಶದ ನರ, ಪಾದದ ಹೊರಗಡೆ ಜೋಮು ಹಿಡಿದಂಗಿರುತ್ತೆ, ಕುಂಟಲ್ಲ. ಇಷ್ಟೂ ಹೇಳಿದ್ರೂ ಅವನು ತಲೆ ಆಡಿಸ್ತಾನೆ, ಹೋಗ್ತಾನೆ, ಮತ್ತೆ ಅದೇ ವಿಡಿಯೋ.

ಒಂದಿನ ಅಪ್ಪನ್ನ ಕಾಫಿ ಕುಡ್ಕೊಂಡ್ ಬನ್ನಿ ಅಂತ ಹೊರಗೆ ಕಳಿಸ್ದೆ. ತುಂಬಾ ಹೊತ್ತು ಸುಮ್ನಿದ್ದ. ಆಮೇಲೆ, "ಆಪರೇಷನ್ ಆಗೋವರ್ಗೂ ಸರಿಹೋಗುತ್ತೆ ಅನ್ನೋದಾದ್ರೂ ಇರುತ್ತೆ ಮೇಡಂ, ಆಗಿ ಕೈ ಬರ್ಲಿಲ್ಲ ಅಂದ್ರೆ ಅದೂ ಇರಲ್ಲ" ಅಂದ. ನಂಗೆ ತಕ್ಷಣ ಏನೂ ತೋಚ್ಲಿಲ್ಲ. ಮೂರು ಸೆಷನ್ ನಾನು ಅವನ ಕಾಲಿನ ಬಗ್ಗೆ ಮಾತಾಡಿದ್ದೆ, ಅವನಿಗೆ ಕಾಲಿನ ಚಿಂತೆಯೇ ಇರ್ಲಿಲ್ಲ.

"ನೀನು ಕಾಯ್ತೀಯಪ್ಪ, ತೋಳಿನ ಮಾಂಸಖಂಡ ಕಾಯಲ್ಲ" ಅಂದೆ. ನರ ಬೆಳೆಯೋದು ದಿನಕ್ಕೆ ಸುಮಾರು 1 ಮಿ.ಮೀ., ವರ್ಷ ಒಂದೂವರೆ ವರ್ಷ ನರ ಇಲ್ದೇ ಹೋದ್ರೆ ಆಮೇಲೆ ಬಂದ್ರೂ ಖಂಡ ಎಚ್ಚರ ಆಗೋದು ಕಷ್ಟ. ಅದೇ ಡಾಕ್ಟ್ರ ಹತ್ರ ಹೋಗಿ, ಕೈಯಲ್ಲೇ ಕೆಲಸ ಮಾಡ್ತಿರೋ ನರದಿಂದ ಸ್ವಲ್ಪ ಎಳೆ ತೆಗೆದು ಮೊಣಕೈ ಮಡಚೋ ಖಂಡದ ನರಕ್ಕೆ ಜೋಡಿಸಕ್ಕಾಗುತ್ತಾ ಕೇಳು ಅಂದೆ. ಫ್ರಾನ್ಸಿನ ಸರ್ಜನ್ ಒಬೆರ್ಲಿನ್ 1994ರಲ್ಲಿ ತೋರಿಸಿದ ವಿಧಾನ ಅದು, ಹೊಸದೇನಲ್ಲ, ಜೋಡಣೆ ಖಂಡದ ಪಕ್ಕದಲ್ಲೇ ಆಗೋದ್ರಿಂದ ನರ ಬೇಗ ತಲುಪುತ್ತೆ.

ಕೌನ್ಸೆಲರ್ ಆಗಿ ಇಷ್ಟೆಲ್ಲ ಹೇಳ್ಬಾರ್ದಿತ್ತು ಅಂತ ಜೊತೆಗಿರೋರೊಬ್ರು ಬೇಜಾರಾದ್ರು. ನಾನು ಮಾಡ್ಸ್ಕೋ ಅಂದಿಲ್ಲ, ಕೇಳು ಅಂದಿದ್ದು. ಸುಮ್ನೆ ಕೇಳಿಸ್ಕೊಂಡು ಕೂತಿದ್ರೆ ಇನ್ನೂ ನಾಲ್ಕು ತಿಂಗಳು ಹೋಗ್ತಿತ್ತು, ಅದಕ್ಕೆ ಯಾರು ಹೊಣೆ?

ಐದನೇ ತಿಂಗಳಲ್ಲಿ ಅದೇ ಆಪರೇಷನ್ ಆಯ್ತು. ಜೋಡಿಸಿದ ಎಳೆ ಮೊದಲು ಮುಷ್ಟಿ ಕಡೆಯದ್ದು, ಅದಕ್ಕೇ ಈಗ ಮುಷ್ಟಿ ಬಿಗಿ ಹಿಡಿದ್ರೆ ಮೊಣಕೈ ಮಡಚುತ್ತೆ, ಮೆದುಳಿಗೆ ಇನ್ನೂ ಹಳೇ ಅಡ್ರೆಸ್ಸೇ ನೆನಪು ಅಂತ ನಗ್ತಾನೆ. ಭುಜ ಇನ್ನೂ ಎದ್ದಿಲ್ಲ. ಮುಂದಿನ ವಾರ ಅದರ ಬಗ್ಗೆ ಮಾತಾಡಕ್ಕೆ ಬರ್ತಿದಾನೆ, ಅಪ್ಪನ್ನ ಬಿಟ್ಟು.